ಕಪ್ಪು ಒಂದರ ಪಂಚಮ

2017ರ ನವೆಂಬರ್ 5, ಭಾನುವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಕಟಕದ ಪುರಿಘಾಟಿನ ಮನೆಯ ಮುಂಕೋಣೆಯಲ್ಲಿ ಎಪ್ಪತ್ತನಾಲ್ಕು ವರ್ಷದ ಕುಳಮಣಿ ಪರಿಡಾ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಒತ್ತಿ ಹಿಡಿದು, ಅದನ್ನೇ ಷಡ್ಜ ಮಾಡಿಕೊಂಡು, ಮೇಲಿನ ಸ್ಥಾಯಿಯ ಪಂಚಮಕ್ಕೆ ಏರಲು ಹೊರಟರು. ದನಿ ಹತ್ತಿರ ಹತ್ತಿರ ಹೋಯಿತು. ಇನ್ನೇನು ಮುಟ್ಟಬೇಕು ಅನ್ನುವಾಗ ಹಳೇ ಧೋತರ ಹರಿದ ಹಾಗೆ ಹರಿಯಿತು.

ಅವರು ಕೆಮ್ಮಿ, ನೀರು ಕುಡಿದು, ಮತ್ತೆ ಅಲ್ಲಿಂದಲೇ ಹಿಡಿದರು. ಮತ್ತೆ ಅಲ್ಲೇ ಹರಿಯಿತು.

ಪಕ್ಕದ ಕೋಣೆಯಲ್ಲಿ ಮೊಮ್ಮಗಳು ಲಿಪ್ಸಾ ದಿಂಬನ್ನು ಕಿವಿಗೆ ಒತ್ತಿಕೊಂಡಳು. ಅವಳಿಗೆ ಮಾರ್ಚಿನಲ್ಲಿ ಪ್ಲಸ್ ಟೂ ಪರೀಕ್ಷೆ. ಅವಳ ತಾಯಿ, ಮನೆಯ ಸೊಸೆ ಇತಿಶ್ರೀ ಕೂದಲು ಗಂಟು ಕಟ್ಟುತ್ತಾ ಮುಂಕೋಣೆಯ ಬಾಗಿಲಿಗೆ ಬಂದಳು.

"ಬಾಪಾ, ಇವತ್ತು ಭಾನುವಾರ."

"ಗಂಟಲಿಗೆ ವಾರ ಗೀರ ಗೊತ್ತಾಗಲ್ಲಮ್ಮ."

"ಕಿವಿಗೆ ಗೊತ್ತಾಗುತ್ತೆ."

ಅಡುಗೆಮನೆಯಿಂದ ಹೆಂಡತಿ ಕುಂತಳಾ ಕೂಗಿ ಹೇಳಿದರು. ಅವರದು ಗಂಡನಿಗಿಂತ ಆರು ವರ್ಷ ಕಡಿಮೆ ವಯಸ್ಸು, ದನಿ ಮಾತ್ರ ಎರಡು ಪಟ್ಟು. "ಚಹಾ ಆರ್ತಾ ಇದೆ ಕಣ್ರೀ! ಆ ಹರಿದಿದ್ದಕ್ಕೆ ಬಿಸಿದೇನಾದ್ರೂ ಕುಡಿದು ಒಂದು ಹೊಲಿಗೆ ಹಾಕಿ."

ಡಿಸೆಂಬರ್ ಹದಿನಾರಕ್ಕೆ ಊರಿನ ಒಂದು ಕಲಾ ಸಂಘದವರು ಕುಳಮಣಿಯವರಿಗೆ ಸನ್ಮಾನ ಇಟ್ಟುಕೊಂಡಿದ್ದರು. ಒಡಿಯಾ ಚಿತ್ರಗಳಿಗೆ ಅವರು ಹಾಡಿದ್ದೂ ಉಂಟು, ರಾಗ ಕೂಡಿಸಿದ್ದೂ ಉಂಟು. ಅವುಗಳಲ್ಲಿ ಹೆಚ್ಚಿನವು ಈಗ ಯಾರಿಗೂ ಬೇಕಿಲ್ಲ. ಉಳಿದಿರುವುದು 1979ರ ಒಂದು ಹಾಡು. ಮದುವೆಯಾಗಿ ಹೊರಟ ಹುಡುಗಿ ನದಿಯ ಕಟ್ಟೆಯ ಮೇಲೆ ತನ್ನ ಕೊಡ ಮರೆತು ಹೋದಳು, ಅದನ್ನು ಅವಳಿಗೆ ತಲುಪಿಸುವವರು ಯಾರು ಅಂತ ಕೇಳುವ ಹಾಡು. ಅದಕ್ಕೆ ರಾಗವೂ ಅವರದೇ, ದನಿಯೂ ಅವರದೇ. ಇಂದಿಗೂ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಮದುವೆ ಮನೆಯಲ್ಲಿ ಅದನ್ನು ಹಾಕುತ್ತಾರೆ, ಹೆಣ್ಣಿನ ಕಡೆಯವರು ಅಳುತ್ತಾರೆ. ಆ ಹಾಡನ್ನು ಸನ್ಮಾನದ ದಿನ ತಾನೇ ನಿಂತು ಹಾಡಬೇಕು, ರೆಕಾರ್ಡಿನಲ್ಲಿ ಹೇಗಿದೆಯೋ ಹಾಗೆ, ಕಪ್ಪು ಒಂದರಲ್ಲೇ ಹಾಡಬೇಕು ಅಂತ ಕುಳಮಣಿ ಹಟ ಹಿಡಿದಿದ್ದರು. ಅದಕ್ಕೇ ಈ ಬೆಳಗಿನ ಜಾವದ ಸಾಧನೆ.

ಮಗ ಲಲಾಟೇಂದು ಮಾಂಸದ ಅಂಗಡಿಯ ಸಾಲಿನಲ್ಲಿ ನಿಂತು ಬರುವ ಹೊತ್ತಿಗೆ ಬಿಸಿಲೇರಿತ್ತು. ಕಾರ್ತಿಕದ ಹುಣ್ಣಿಮೆ ಹಿಂದಿನ ದಿನ ಮುಗಿದಿತ್ತು. ತಿಂಗಳಿಡೀ ಮೀನು ಮಾಂಸ ಮುಟ್ಟದ ಕಟಕದ ಮನೆಗಳೆಲ್ಲ ಅವತ್ತು ಚಾಡಖಾಯಿಯ ಊಟಕ್ಕೆ ಒಟ್ಟಿಗೇ ಬಾಯಿ ತೆರೆದಿದ್ದವು. ಕುಂತಳಾ ಬೆಳ್ಳುಳ್ಳಿ ಅರೆದರು, ಇತಿಶ್ರೀ ಆಲೂಗಡ್ಡೆ ಹೆಚ್ಚಿದಳು. ಒಂದು ಗಂಟೆಗೆ ಮಾಂಸದ ಸಾರು ಎಲ್ಲರ ತಟ್ಟೆಗೂ ಬಿತ್ತು. ಕುಳಮಣಿ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ನನಗೆ ಅನ್ನ, ಹಾಲು ಸಾಕು. ಖಾರ ಗಂಟಲು ಹಿಡಿಯುತ್ತೆ."

ಲಲಾಟೇಂದು ಕೈಯಲ್ಲಿದ್ದ ತುತ್ತು ಕೆಳಗಿಟ್ಟ. ವಿಮಾ ಕಚೇರಿಯಲ್ಲಿ ಆರು ದಿನ ಕೂತು ಏಳನೇ ದಿನ ಸಾಲಿನಲ್ಲಿ ನಿಂತು ಬಂದಿದ್ದ. "ಬಾಪಾ, ಬೆಳಿಗ್ಗೆಯಿಂದ ನಿಂತಿದ್ದೀನಿ. ಹಿಂದಿನವನು ಬೆನ್ನ ಮೇಲೇ ಬೀಡಿ ಸೇದ್ತಿದ್ದ. ಒಂದು ತುಂಡು ತಿನ್ನಿ."

"ನಿನ್ನ ನಿಲ್ಲು ಅಂದವರು ಯಾರು?"

"ಬೊವು ಅಂದ್ಲು." ಲಲಾಟೇಂದು ತಾಯಿಯ ಕಡೆ ಕೈ ತೋರಿಸಿದ.

"ಹಾಗಾದ್ರೆ ಅವಳಿಗೆ ತಿನ್ನಿಸು."

ಕುಂತಳಾ ಸೆರಗಿನಲ್ಲಿ ಹಣೆ ಒರೆಸಿಕೊಂಡು ಮೊಮ್ಮಗಳ ಕಡೆ ತಿರುಗಿದರು. "ನೋಡೇ ಲಿಪ್ಸಾ, ಆ ಹಾಡಿನ ರೆಕಾರ್ಡು ಮದ್ರಾಸಿಂದ ಮನೆಗೆ ಬಂದ ದಿನಾನೂ ನಿನ್ನ ಜೇಜೆ ಹೀಗೇ ತಟ್ಟೆ ತಳ್ಳಿದ್ರು."

"ಯಾಕೆ ಜೇಜೆಮಾ?"

"ಹಾಕಿ ಕೇಳಿಸಿದ್ರು. ನಾನು ಅಂದೆ, ಇದು ನಿಮ್ಮ ದನಿ ಅಲ್ಲ, ನಿಮಗೊಬ್ಬ ತಮ್ಮ ಇದ್ದಿದ್ರೆ ಅವನ ದನಿ ಹೀಗಿರ್ತಿತ್ತು. ಅಷ್ಟೇ ಅಂದದ್ದು. ಆವತ್ತು ಹಿಲ್ಸಾ ಮೀನು ಮಾಡಿದ್ದೆ. ಇಡೀ ಮೀನು ನಾನೊಬ್ಳೇ ತಿಂದೆ."

"ಅವಳಿಗೇನು ಗೊತ್ತು?" ಕುಳಮಣಿ ಹಾಲನ್ನದಲ್ಲಿ ಬೆರಳಾಡಿಸಿದರು. "ಇಲ್ಲಿ ಮನೇಲಿ ಬಿಳಿ ಒಂದರಲ್ಲಿ ರಾಗ ಕೂಡಿಸಿದ್ದೆ. ಮದ್ರಾಸಿಗೆ ಹೋಗುವಾಗ ಹಾರ್ಮೋನಿಯಂ ಒಯ್ದಿರಲಿಲ್ಲ. ಅಲ್ಲಿನ ಪಿಟೀಲಿನವರು ಅರ್ಧ ಸ್ವರ ಏರಿಸಿ ಕಪ್ಪು ಒಂದಕ್ಕೆ ಕೂಡಿಸ್ಕೊಂಡಿದ್ರು. ನನಗೆ ಏರಿದ್ದೇ ತಿಳೀಲಿಲ್ಲ. ಹಾಡಿ, ಅದೇ ಸಂಜೆ ರೈಲು ಹತ್ತಿದೆ. ರೆಕಾರ್ಡು ಬಂದ ಮೇಲೆ ಹಾರ್ಮೋನಿಯಂಗೆ ಹಿಡಿದು ನೋಡ್ತೀನಿ, ಕಪ್ಪು ಒಂದು! ಆ ದಿನ ಗಂಟಲು ನನ್ನದಾಗಿರಲಿಲ್ಲ. ಯಾರೋ ಕೊಟ್ಟಿದ್ರು."

"ಕೊಟ್ಟವರು ವಾಪಸ್ ತಗೊಂಡಿದ್ದಾರೆ," ಅಂದ ಲಲಾಟೇಂದು. "ಅರ್ಧ ಸ್ವರ ಇಳಿಸಿ ಹಾಡಿ. ಈ ವಯಸ್ಸಲ್ಲಿ ಎಲ್ಲರೂ ಇಳಿಸ್ತಾರೆ."

"ಇಳಿಸಿ ಹಾಡೋದೂ ಒಂದೇ, ಸಭೆ ಮುಂದೆ ನಿಂತು ನನ್ನ ಕೈಲಿ ಆಗಲ್ಲ ಅಂತ ಹೇಳೋದೂ ಒಂದೇ."

"ಒಂದು ಸಲ ಏರಿಸಿ ಹಾಡಿದ್ದು ಸಾಲದಾ?"

1986ರಲ್ಲಿ ಕಟಕದ ಬಯಲು ರಂಗಮಂದಿರದಲ್ಲಿ ಕುಳಮಣಿ ಇದೇ ಹಾಡನ್ನು ಕಪ್ಪು ಒಂದರಲ್ಲಿ ಹಾಡಿ, ಇದೇ ಪಂಚಮದಲ್ಲಿ ಹರಿದುಹೋಗಿದ್ದರು. ಜನ ಸಿಳ್ಳೆ ಹೊಡೆದಿದ್ದರು. ಮುಂದಿನ ಸಾಲಿನಲ್ಲಿ ಹತ್ತು ವರ್ಷದ ಲಲಾಟೇಂದು ಕೂತಿದ್ದ. ಮರುದಿನ ಶಾಲೆಯಲ್ಲಿ ಹುಡುಗರು ಅವನನ್ನು ಕಂಡಾಗಲೆಲ್ಲ ದನಿ ಒಡೆಸಿಕೊಂಡು ಅದೇ ಸಾಲನ್ನು ಕಿರುಚಿದ್ದರು. ಅಂದಿನಿಂದ ಕುಳಮಣಿ ವೇದಿಕೆ ಹತ್ತಿರಲಿಲ್ಲ. ರಾಗ ಮಾತ್ರ ಕೂಡಿಸಿಕೊಂಡಿದ್ದರು, ಅದೂ ಕೇಳುವವರು ಇರುವವರೆಗೆ.

ಬುಧವಾರ ಸಂಜೆ ಸಂಘದ ಕಾರ್ಯದರ್ಶಿ ಬಿರಂಚಿ ಬಾಬು ಬಂದರು. ಬಿಳಿ ಜುಬ್ಬಾ, ಎರಡು ಫೋನು. ಕುಂತಳಾ ಮುಢಿಗೆ ಈರುಳ್ಳಿ, ಹಸಿಮೆಣಸು, ಸಾಸಿವೆ ಎಣ್ಣೆ ಕಲಸಿ ಬಟ್ಟಲಲ್ಲಿ ಇಟ್ಟರು.

"ಸಾರ್, ಒಂದು ಸಣ್ಣ ವಿಷಯ," ಬಿರಂಚಿ ಬಾಬು ಮಂಡಕ್ಕಿ ಅಗಿಯುತ್ತ ಅಂದರು. "ಟಿವಿಯವರು ನೇರ ಪ್ರಸಾರ ಮಾಡ್ತಾರೆ. ಅವರು ಕೇಳ್ತಿದ್ದಾರೆ, ರಿಸ್ಕು ಯಾಕೆ ಅಂತ. ಕ್ಯಾಸೆಟ್ ಕಂಪನಿಯವರ ಹತ್ರ ಮೂಲ ಟೇಪು ಇದೆಯಂತೆ, ಚೊಕ್ಕವಾಗಿ ತೆಗೆದು ಕಳಿಸ್ತಾರೆ. ಅದನ್ನ ಹಾಕೋಣ. ನೀವು ಮೈಕ್ ಹಿಡಿದು ನಿಂತ್ಕೊಂಡು ಸುಮ್ನೆ ತುಟಿ ಆಡಿಸಿ."

ಕುಳಮಣಿ ಕನ್ನಡಕ ತೆಗೆದರು. "ಏನಂದ್ರಿ?"

"ಈಗೆಲ್ಲ ಹಾಗೇ ಸಾರ್. ದೊಡ್ಡ ದೊಡ್ಡವರೇ ಮಾಡ್ತಾರೆ."

"ಬಿರಂಚಿ ಬಾಬು, ಇಪ್ಪತ್ತು ವರ್ಷ ನಾನು ಗಾಜಿನ ಹಿಂದೆ ನಿಂತು ಹಾಡಿದ್ದೀನಿ. ಹಾಡೋಕೆ ಬಾರದವನು ಮರ ಸುತ್ತಾ ಸುತ್ತಿ ಅದಕ್ಕೆ ತುಟಿ ಆಡಿಸಿದ. ಅವನಿಗೆ ಹಾರ ಹಾಕಿದ್ರು. ನನಗೆ ಬೇಜಾರಿರಲಿಲ್ಲ. ಅವನ ಕೆಲಸ ಅದು, ನನ್ನ ಕೆಲಸ ಇದು. ಈಗ ನನ್ನನ್ನೇ ಅವನ ಕೆಲಸಕ್ಕೆ ಕರೀತೀರಾ?"

"ನಿಮ್ಮದೇ ದನಿಗೆ ತಾನೇ ಸಾರ್, ಬೇರೆಯವರದ್ದಕ್ಕಲ್ಲವಲ್ಲ."

"ಅದೇ ಇನ್ನೂ ಕೇಡು."

ಲಲಾಟೇಂದು ಬಾಗಿಲಿನವರೆಗೆ ಬಿಡಲು ಹೋದ. ಚಪ್ಪಲಿ ಹಾಕಿಕೊಳ್ಳುತ್ತಾ ಬಿರಂಚಿ ಬಾಬು ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಲಲಾಟೇಂದು "ನೋಡೋಣ, ನಾನು ಹೇಳ್ತೀನಿ" ಅಂದದ್ದು ಇತಿಶ್ರೀಯ ಕಿವಿಗೆ ಬಿತ್ತು.

ಮರುದಿನ ಮಾರ್ಗಶಿರದ ಮೊದಲ ಗುರುವಾರ. ಕುಂತಳಾ ನಾಲ್ಕಕ್ಕೇ ಎದ್ದು ಅಂಗಳ ಸಾರಿಸಿ, ಅಕ್ಕಿಹಿಟ್ಟಿನ ನೀರಲ್ಲಿ ಹೊಸ್ತಿಲಿನಿಂದ ದೇವರ ಕೋಣೆಯವರೆಗೆ ಲಕ್ಷ್ಮಿಯ ಪುಟ್ಟ ಹೆಜ್ಜೆಗಳನ್ನು ಬಿಡಿಸಿದ್ದರು. ಬತ್ತ ತುಂಬಿದ 'ಮಾನ' ಅನ್ನುವ ಅಳತೆಪಾತ್ರೆಯ ಮುಂದೆ ದೀಪ ಹಚ್ಚಿಟ್ಟಿದ್ದರು. ಈ ಗುರುವಾರಗಳಲ್ಲಿ ಜಗಳದ ದನಿ ಕೇಳಿದ ಮನೆಗೆ ಲಕ್ಷ್ಮಿ ಕಾಲಿಡುವುದಿಲ್ಲ ಅನ್ನುವುದು ಅವರ ಖಚಿತ ಅಭಿಪ್ರಾಯ. ಹಾಗಾಗಿ ಆ ದಿನದ ಜಗಳ ಪಿಸುಮಾತಿನಲ್ಲಿ ನಡೆಯಿತು.

"ಬೆಳಿಗ್ಗೆ ಹಾಡಬೇಡಿ," ಇತಿಶ್ರೀ ಪಿಸುಗುಟ್ಟಿದಳು. "ಸಂಜೆ ಹಾಡಿ. ಅವಳಿಗೆ ಟ್ಯೂಷನ್ ಇರುತ್ತೆ, ನಾನು ಕಾಲೇಜಿಂದ ಬಂದಿರಲ್ಲ, ಯಾರಿಗೂ ತೊಂದರೆ ಇಲ್ಲ."

"ಸಂಜೆ ಗಂಟಲು ಸತ್ತಿರುತ್ತೆ," ಕುಳಮಣಿ ಪಿಸುಗುಟ್ಟಿದರು.

"ಬೆಳಿಗ್ಗೆ ಏನು ಬದುಕಿರುತ್ತಾ?"

"ಏನಂದೆ? ಗಟ್ಟಿಯಾಗಿ ಹೇಳು!"

"ಶ್ಶ್!" ಕುಂತಳಾ ಹಿಟ್ಟಿನ ಕೈ ಎತ್ತಿದರು. "ದೇವಿ ಬಾಗಿಲಲ್ಲಿದ್ದಾಳೆ. ನಾಳೆ ಶುಕ್ರವಾರ, ಎಷ್ಟು ಬೇಕಾದ್ರೂ ಕಿತ್ತಾಡಿ. ಈಗ ಮಂಡಾ ಪಿಠಾ ಕಡುಬು ತಿನ್ನಿ, ಬಾಯಿ ಮುಚ್ಚುತ್ತೆ."

ಸಂಘದವರು ಸನ್ಮಾನದ ದಿನ ತೋರಿಸಲು ಒಂದು ಸಣ್ಣ ಚಿತ್ರ ಮಾಡಿಕೊಡಿ ಅಂತ ಲಿಪ್ಸಾಗೆ ಹೇಳಿದ್ದರು. ಅವಳು ಆವತ್ತು ಫೋನನ್ನು ಪುಸ್ತಕಗಳ ಗುಡ್ಡೆಗೆ ಒರಗಿಸಿ ಅಜ್ಜನನ್ನು ಎದುರು ಕೂರಿಸಿದಳು.

"ಜೇಜೆ, ಸಂಗೀತ ನಿಮಗೆ ಏನು ಕೊಟ್ಟಿತು?"

"ಈ ಪ್ರಶ್ನೆ ಯಾರು ಬರೆದುಕೊಟ್ಟದ್ದು?"

"ಬಿರಂಚಿ ಬಾಬು."

"ಹಾಗನ್ನು. ಸಂಗೀತ ಏನೂ ಕೊಡಲ್ಲಮ್ಮ. ಅದು ತಗೊಳ್ಳುತ್ತೆ. ನಿನ್ನ ಅಪ್ಪ ಹುಟ್ಟಿದಾಗ ನಾನು ಸೀಮೆಎಣ್ಣೆ ಅಂಗಡಿ ಸಾಲಲ್ಲಿ ನಿಂತು ಒಂದು ರಾಗ ಕೂಡಿಸ್ತಾ ಇದ್ದೆ. ಸುದ್ದಿ ತಂದವನಿಗೆ, ತಡಿಯಪ್ಪ, ಈ ಸಾಲು ಮುಗೀಲಿ ಅಂದೆ. ಸೀಮೆಎಣ್ಣೆ ಸಾಲೋ ಹಾಡಿನ ಸಾಲೋ ಅಂತ ಅವನು ಕೇಳ್ದ. ನನಗೆ ಇವತ್ತಿಗೂ ಗೊತ್ತಿಲ್ಲ."

"ಇದು ಹಾಕೋಕಾಗಲ್ಲ. ಒಳ್ಳೇದೇನಾದ್ರೂ ಹೇಳಿ."

"ಒಳ್ಳೇದು ಅಂದ್ರೆ, ಹಾಡೋಕೆ ಉಸಿರು ಬೇಕು ಅಂತಾರೆ. ಅಲ್ಲ. ಎಲ್ಲಿ ಉಸಿರು ತಗೋತೀಯ ಅಂತ ಕೇಳೋರಿಗೆ ಗೊತ್ತಾಗಬಾರದು, ಅದು ಬೇಕು. ಚಿತ್ರದಲ್ಲಿ ನಾಯಕನ ಬಾಯಿ ಮುಚ್ಚಿದ್ದಾಗ ನಾನು ಉಸಿರು ತಗೋಬೇಕಿತ್ತು. ನನ್ನ ಉಸಿರನ್ನೂ ಅವನ ಬಾಯಿ ನೋಡಿ ಎಳೆದಿದ್ದೀನಿ. ಅದಕ್ಕೇ ಒಂದೇ ಒಂದು ಸಲ ನನ್ನ ಬಾಯಿಂದ ಹಾಡಬೇಕು. ಇಷ್ಟು ಹಾಕು."

ಲಿಪ್ಸಾ ಚಿತ್ರೀಕರಣ ನಿಲ್ಲಿಸಿದಳು. ಫೋನಿನಲ್ಲಿ ಸ್ವರ ಅಳೆಯುವ ಸಾಧನ ತೆರೆದು ಅವರ ಮುಂದೆ ಹಿಡಿದಳು. "ಈಗ ಆ ಜಾಗ ಹಾಡಿ."

ಹಾಡಿದರು. ಹರಿಯಿತು.

"ಕಪ್ಪು ಒಂದರ ಪಂಚಮ ಬೇಕಂದ್ರೆ ಸೆಕೆಂಡಿಗೆ ನಾನೂರ ಹದಿನೈದು ಸಲ ಕಂಪಿಸಬೇಕು ಜೇಜೆ. ನಿಮ್ಮದು ಮುನ್ನೂರ ತೊಂಬತ್ತರ ಆಚೀಚೆ ಹೋಗಿ ಮುರಿಯುತ್ತೆ. ದಿನಾ ಕೇಳ್ತೀನಲ್ಲ, ದಿನಾ ಅಲ್ಲೇ."

"ನಿನ್ನ ಫೋನು ಚೀನಾದ್ದು."

"ನಿಮ್ಮ ಗಂಟಲು?"

ಅವರು ನಗಲಿಲ್ಲ. ಹಾರ್ಮೋನಿಯಂ ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ತೆರೆದು ಮತ್ತೆ ಹಿಡಿದರು.

ನವೆಂಬರ್ ಕೊನೆಯ ಹೊತ್ತಿಗೆ ಮನೆಯೊಳಗೆ ಎಲ್ಲರೂ ಎಲ್ಲರ ಮೇಲೂ ಸಿಡುಕುವಂತಾಯಿತು. ಕುಂತಳಾ ಮೊಸರು ಮಾಡುವುದನ್ನು ಬಿಟ್ಟರು, ಅನ್ನ ನೀರಲ್ಲಿ ನೆನೆಸಿಟ್ಟು ಮಾಡುವ ಪಖಾಳ ಬಿಟ್ಟರು, ಹುಣಿಸೆ ಬಿಟ್ಟರು. ಒಬ್ಬರ ಗಂಟಲಿಗಾಗಿ ನಾಲ್ವರ ನಾಲಿಗೆ ಒಣಗಿತು. "ದಾಲ್ಮಾಗೆ ಹುಳಿ ಇಲ್ಲ, ಬದುಕಿಗೂ ಇಲ್ಲ," ಅಂದ ಲಲಾಟೇಂದು. ಲಿಪ್ಸಾ ಗೆಳತಿಯ ಮನೆಗೆ ಓದಲು ಹೋಗತೊಡಗಿದಳು. ಪಕ್ಕದ ಮನೆಯ ಮಹಾಂತಿ ಹೆಂಡತಿ ಗೋಡೆಯಾಚೆಯಿಂದ, "ಪರಿಡಾ ಬಾಬು ಹುಷಾರಾಗಿದ್ದಾರಾ? ಬೆಳಿಗ್ಗೆ ನೋವಿಂದ ಕೂಗ್ತಿರ್ತಾರೆ" ಅಂತ ವಿಚಾರಿಸಿದಳು. ಕೊನೆಯ ಗುರುವಾರದ ಮಾರನೇ ದಿನ ಕುಳಮಣಿ ಎದ್ದು ಬಾಯಿ ತೆರೆದರೆ ದನಿಯೇ ಬರಲಿಲ್ಲ, ಬರೀ ಗಾಳಿ ಬಂತು.

ಗಂಟಲಿನ ಡಾಕ್ಟರು ಕನ್ನಡಿ ಇಟ್ಟು ನೋಡಿ, ದನಿಯ ಪದರ ಊದಿಕೊಂಡಿದೆ, ಒಂದು ವಾರ ಪಿಸುಗುಟ್ಟಲೂ ಕೂಡದು ಅಂದರು. ಲಿಪ್ಸಾಳ ಬಾಲ್ಯದ ಸ್ಲೇಟು ಅಟ್ಟದಿಂದ ಇಳಿಯಿತು. ಕುಳಮಣಿ ಅದರಲ್ಲಿ ಬರೆದು ಬರೆದು ಜಗಳ ಆಡಿದರು. ಆದರೆ ಬಳಪ ಹಿಡಿದು ಅವರು ಉತ್ತರ ಬರೆಯುವಷ್ಟರಲ್ಲಿ ಕುಂತಳಾ ಎದ್ದು ಹೋಗಿರುತ್ತಿದ್ದರು.

"ಈಗ ಗೊತ್ತಾಯ್ತಾ," ಕುಂತಳಾ ಬಿಸಿ ಹಾಲು ಕೆಳಗಿಟ್ಟು ಅಂದರು, "ಮದುವೆಯಾದಾಗಿಂದ ನಾನು ಈ ಮನೇಲಿ ಹೇಗೆ ಮಾತಾಡಿದೀನಿ ಅಂತ?"

ಆ ವಾರದಲ್ಲೇ ಲಲಾಟೇಂದು ಬಿರಂಚಿ ಬಾಬುವಿಗೆ ಫೋನು ಮಾಡಿ, ರೆಕಾರ್ಡೇ ಹಾಕಿ, ಅಪ್ಪನನ್ನು ನಾನು ಒಪ್ಪಿಸ್ತೀನಿ ಅಂದುಬಿಟ್ಟ. ಆ ರಾತ್ರಿ ತಟ್ಟೆ ತೊಳೆಯುವಾಗ ಹೆಂಡತಿಗೆ ಹೇಳಿದ.

"ಅವರನ್ನ ಕೇಳದೆ?" ಇತಿಶ್ರೀ ನಲ್ಲಿ ನಿಲ್ಲಿಸಿದಳು.

"ಕೇಳಿದ್ರೆ ಸ್ಲೇಟು ತುಂಬಾ ಬೈಗುಳ ಬರೀತಾರೆ."

"ಬರೀಲಿ. ಅವರ ಹಾಡು."

"ನಿನಗೇನು? ನೀನು ಆ ಸಿಳ್ಳೆ ಕೇಳಿಲ್ಲ. ನಾನು ಕೇಳಿದೀನಿ. ಈ ವಯಸ್ಸಲ್ಲಿ ಅವರು ಇನ್ನೊಂದು ಸಲ ಅದನ್ನ ಕೇಳಿದ್ರೆ ಮನೆಗೆ ಬರೋದು ಅವರಲ್ಲ, ಬರೀ ಅವರ ಜುಬ್ಬಾ."

ಇತಿಶ್ರೀ ಮತ್ತೆ ನಲ್ಲಿ ತಿರುಗಿಸಿದಳು. ಬೆಳಗಿನ ಸಾಧನೆಯ ಬಗ್ಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊಣಗಿದವಳು ಅವಳೇ ಆಗಿದ್ದಳು.

ಮೂಲ ಟೇಪಿನಿಂದ ತೆಗೆದ ಹಾಡು ಲಲಾಟೇಂದುವಿನ ಫೋನಿಗೆ ಬಂತು. ಶನಿವಾರ ಮಧ್ಯಾಹ್ನ, ಅಜ್ಜ ಮಲಗಿದ್ದಾಗ, ಲಿಪ್ಸಾ ಅದನ್ನು ತನ್ನ ದೊಡ್ಡ ಸ್ಪೀಕರಿಗೆ ಜೋಡಿಸಿದಳು. ಹಾಡು ಶುರುವಾಗುವ ಮುಂಚೆ ಕೆಲವು ಸೆಕೆಂಡು ಖಾಲಿ ಇತ್ತು. ಲಿಪ್ಸಾ ಏನೂ ಕೇಳುತ್ತಿಲ್ಲ ಅಂತ ದನಿಯನ್ನು ಪೂರ್ತಿ ಏರಿಸಿದಳು. ಆ ಖಾಲಿ ಜಾಗದಲ್ಲಿ ಒಂದು ಸಣ್ಣ ಗುಂಯ್ ಕೇಳಿಸಿತು. ಹಳೇ ಟೇಪುಗಳಲ್ಲಿ ಸ್ಟುಡಿಯೋದ ಕರೆಂಟು ಹಾಗೆ ಕೂತಿರುತ್ತದೆ.

ಇಸ್ತ್ರಿ ಹಾಕುತ್ತಿದ್ದ ಇತಿಶ್ರೀ ಕೈ ನಿಲ್ಲಿಸಿದಳು. "ಇನ್ನೊಂದ್ಸಲ ಹಾಕು."

ಲಿಪ್ಸಾ ಹಾಕಿದಳು.

"ಇದು ಏರಿದೆ."

"ಏನು ಏರಿದೆ ಮಾ? ಹಾಡು ಇನ್ನೂ ಶುರುವೇ ಆಗಿಲ್ಲ."

"ಹಾಡಲ್ಲ ಕಣೇ. ಗುಂಯ್."

ಇತಿಶ್ರೀ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಪ್ರತಿ ಚಳಿಗಾಲದಲ್ಲಿ ಅವಳ ವಿದ್ಯಾರ್ಥಿಗಳು ಮರದ ಪೆಟ್ಟಿಗೆಯ ಮೇಲೆ ಬಿಗಿದ ಉಕ್ಕಿನ ತಂತಿಯನ್ನು ಮನೆಗೆ ಬರುವ ಕರೆಂಟಿನಿಂದ ಕುಣಿಸಿ, ಆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಅಳೆಯುತ್ತಾರೆ. ಉತ್ತರ ಐವತ್ತು. ಹದಿನೆಂಟು ವರ್ಷದಿಂದ ಆ ಐವತ್ತು ಅವಳ ಕಿವಿಯಲ್ಲಿದೆ. ಸೋಮವಾರ ಅವಳು ಹಾಡನ್ನು ಪ್ರಯೋಗಾಲಯದ ಕಂಪ್ಯೂಟರಿಗೆ ಹಾಕಿ, ಆ ಖಾಲಿ ಸೆಕೆಂಡುಗಳನ್ನಷ್ಟೇ ಕತ್ತರಿಸಿ ಅಳೆದಳು. ತಪ್ಪಿರಬಹುದು ಅಂತ ಮತ್ತೆ ಅಳೆದಳು. ಅದರ ಎರಡು ಪಟ್ಟಿನ, ಮೂರು ಪಟ್ಟಿನ ಕಂಪನಗಳನ್ನೂ ಅಳೆದು ಭಾಗಿಸಿ ನೋಡಿದಳು. ಪ್ರತಿ ಸಲವೂ ಐವತ್ತಮೂರೇ ಬಂತು.

ಅಂದು ರಾತ್ರಿ ರೊಟ್ಟಿ, ಸಾಗು, ಬಡಿ ಅನ್ನುವ ಹುರಿದ ಸಂಡಿಗೆ. ಡಾಕ್ಟರು ಮೆಲ್ಲಗೆ ಮಾತಾಡಬಹುದು ಅಂದಿದ್ದರಿಂದ ಸ್ಲೇಟು ಮೂಲೆ ಸೇರಿತ್ತು.

"ಬಾಪಾ, ಒಂದು ಮಾತು ಹೇಳಬೇಕು. ಊಟ ಬಿಟ್ಟು ಏಳಬಾರದು," ಅಂದಳು ಇತಿಶ್ರೀ.

"ಗೊತ್ತು. ಲಲಾಟೇಂದು ಆ ರೆಕಾರ್ಡಿಗೆ ಒಪ್ಪಿದ್ದಾನೆ. ಬಿರಂಚಿ ಫೋನು ಮಾಡಿ ನನಗೇ ಅಭಿನಂದನೆ ಹೇಳಿದ," ಕುಳಮಣಿ ಮಗನ ಕಡೆ ನೋಡದೆ ಅಂದರು. ದನಿ ಮರಳು ಕಾಗದದ ಹಾಗಿತ್ತು. "ನನ್ನ ಮಗ ನನ್ನ ತುಟಿ ಬಾಡಿಗೆಗೆ ಕೊಟ್ಟ."

"ಬಾಪಾ, ನಾನು..."

"ಸ್ವಲ್ಪ ಇರಿ ಇಬ್ಬರೂ," ಇತಿಶ್ರೀ ರೊಟ್ಟಿ ಮುರಿಯದೆ ಹೇಳಿದಳು. "ಮದ್ರಾಸಿನಲ್ಲಿ ನಿಮ್ಮ ಹಾಡು ಟೇಪಿಗೆ ಇಳಿಯುವಾಗ ಜೊತೆಗೆ ಸ್ಟುಡಿಯೋದ ಕರೆಂಟಿನ ಗುಂಯ್ ಕೂಡ ಇಳಿದಿದೆ. ಅದು ಐವತ್ತು ಇರಬೇಕು. ಆ ಕಾಲದಲ್ಲಿ ಐವತ್ತಕ್ಕಿಂತ ಒಂದೆರಡು ಇಳೀತಿತ್ತು, ಇಷ್ಟು ಏರೋದಂತೂ ಇಲ್ಲ. ಆದ್ರೆ ಟೇಪಿನಲ್ಲಿ ಐವತ್ತಮೂರಿದೆ. ಅಂದ್ರೆ ನೀವು ರೈಲು ಹತ್ತಿದ ಮೇಲೆ ಅವರು ಟೇಪನ್ನ ಸ್ವಲ್ಪ ಜೋರಾಗಿ ಓಡಿಸಿ ಇನ್ನೊಂದಕ್ಕೆ ಇಳಿಸಿಕೊಂಡಿದ್ದಾರೆ. ಗುಂಯ್ ಏರಿದೆ. ಅದರ ಜೊತೆ ನೀವೂ ಏರಿದ್ದೀರಿ. ಸರಿಯಾಗಿ ಅರ್ಧ ಸ್ವರ."

"ಏರಿಸಿದ್ದು ಪಿಟೀಲಿನವರು. ಎಷ್ಟು ಸಲ ಹೇಳಲಿ?"

"ಪಿಟೀಲಿನವರು ಏರಿಸಿದ್ರೆ ಕರೆಂಟು ಏರ್ತಿರಲಿಲ್ಲ ಬಾಪಾ."

ಕುಳಮಣಿಯ ಕೈ ಬಡಿಯ ಬಟ್ಟಲ ಮೇಲೆ ನಿಂತಿತು.

"ನೀವು ಹಾಡಿದ್ದು ಬಿಳಿ ಒಂದರಲ್ಲೇ. ಅದರ ಪಂಚಮ ಮುನ್ನೂರ ತೊಂಬತ್ತೆರಡು," ಅಂದಳು ಇತಿಶ್ರೀ.

ಲಿಪ್ಸಾ ತಲೆ ಎತ್ತಿದಳು. "ಜೇಜೆ! ನೀವು ದಿನಾ ಹರಿಯೋ ಜಾಗ ಅದೇ!"

"ಅದೇ," ಅಂದಳು ಇತಿಶ್ರೀ. "ಮೂವತ್ತಾರು ವರ್ಷದವರಿದ್ದಾಗಲೂ ನೀವು ಏರಿದ್ದು ಅಲ್ಲಿಯವರೆಗೇ. ಈಗಲೂ ಅಲ್ಲಿಗೆ ಹೋಗ್ತೀರಿ. ಅದರಾಚೆ ಯಾರೂ ಹೋಗಿಯೇ ಇರಲಿಲ್ಲ."

ಎಲ್ಲರೂ ಅವರು ನಗುತ್ತಾರೆ ಅಂದುಕೊಂಡರು. ಅವರು ಬಟ್ಟಲನ್ನು ತಳ್ಳಿದರು, ಬಡಿ ನೆಲದ ಮೇಲೆ ಚೆಲ್ಲಿತು.

"ಯಾಕೆ ಏರಿಸಿದ್ರು? ನನ್ನ ಕೇಳಬೇಡ್ವಾ?"

"ನಾಯಕನಿಗೆ ಇಪ್ಪತ್ತೆರಡು ವಯಸ್ಸಲ್ವಾ," ಕುಂತಳಾ ನೆಲ ಬಳಿಯುತ್ತ ಅಂದರು. "ನಿಮ್ಮ ದನಿಗೆ ಮೀಸೆ ಇತ್ತು. ಬೋಳಿಸಿದ್ದಾರೆ."

"ನಿರ್ದೇಶಕ ಸತ್ತ. ರೆಕಾರ್ಡು ಮಾಡಿದವನು ಸತ್ತ. ದುಡ್ಡು ಹಾಕಿದವನೂ ಸತ್ತ. ಯಾರ ಕೊರಳಪಟ್ಟಿ ಹಿಡೀಲಿ ನಾನು? ಆ ಬಯಲು ರಂಗಮಂದಿರದಲ್ಲಿ ವಾದ್ಯದವರು ರೆಕಾರ್ಡು ಕೇಳಿ ಕಪ್ಪು ಒಂದರಲ್ಲಿ ಶುರು ಮಾಡಿದ್ರು. ನಾನು ಒಪ್ಪಿದೆ. ಯಾರೂ ಹಾಡದೇ ಇರೋ ಹಾಡನ್ನ ಹಾಡೋಕೆ ಹೋಗಿ ಸಿಳ್ಳೆ ತಿಂದೆ. ಮೂವತ್ತೊಂದು ವರ್ಷ ಮನೇಲಿ ಕೂತೆ!" ದನಿ ಒಡೆದು ಕೆಮ್ಮು ಬಂತು. ನೀರು ಕುಡಿದು ಮೆಲ್ಲಗೆ ಕೇಳಿದರು, "ಹಾಗಾದ್ರೆ ಇಷ್ಟು ವರ್ಷ ಜನ ಅತ್ತದ್ದು ಯಾರ ದನಿಗೆ?"

"ನಿಮ್ಮ ತಮ್ಮನ ದನಿಗೆ," ಅಂದರು ಕುಂತಳಾ. "ಆವತ್ತೇ ಹೇಳಿದ್ದೆ. ಮೀನು ಬಿಟ್ಟು ಎದ್ದುಹೋದ್ರಿ."

ಕುಳಮಣಿ ನೆಲದ ಮೇಲೆ ಉಳಿದಿದ್ದ ಒಂದು ಬಡಿ ಹೆಕ್ಕಿ ತಟ್ಟೆಯ ಅಂಚಿಗಿಟ್ಟರು.

ಮರುದಿನ ಮನೆಗೆ ಬಂದು ಎಲ್ಲ ಕೇಳಿದ ಬಿರಂಚಿ ಬಾಬು ಕೈ ಮುಗಿದರು. "ಸಾರ್, ವಿಜ್ಞಾನ ಎಲ್ಲ ಸರಿ. ಜನಕ್ಕೆ ಆ ದನಿ ಗೊತ್ತು. ನೀವು ಕೆಳಗೆ ಹಾಡಿದ್ರೆ, ಪಾಪ, ಮುದುಕರಾದ್ರು ಅಂತಾರೆ."

"ಆಗಿದ್ದೀನಲ್ಲ."

"ವಾದ್ಯದ ಟ್ರ್ಯಾಕೂ ಕಪ್ಪು ಒಂದರಲ್ಲೇ ಇದೆ."

"ಟ್ರ್ಯಾಕು ಬೇಡ. ನನ್ನ ಪೆಟ್ಟಿಗೆ ತರ್ತೀನಿ."

ಬಿರಂಚಿ ಬಾಬು ಲಲಾಟೇಂದುವಿನ ಕಡೆ ನೋಡಿದರು. ಅವನು ಕಿಟಕಿಯ ಸರಳು ಹಿಡಿದು ನಿಂತಿದ್ದ. "ಹರಿದ್ರೆ?" ಅಂದ ಅಪ್ಪನಿಗೆ.

"ಹರಿದ್ರೆ ಈ ಸಲ ನನ್ನದೇ ಹರಿಯುತ್ತೆ."

ಲಲಾಟೇಂದು ಬಿರಂಚಿ ಬಾಬುವಿಗೆ ಹೇಳಿದ, "ರೆಕಾರ್ಡು ಬೇಡ ಬಿಡಿ."

ಹದಿನಾರನೇ ತಾರೀಖು ಸಂಜೆ ಸಭಾಭವನ ಮುಕ್ಕಾಲು ತುಂಬಿತ್ತು. ಭಾಷಣಗಳು ನಿಗದಿಗಿಂತ ಉದ್ದವಾದವು, ಶಾಲು ಹೊದಿಸುವಾಗ ಕುಳಮಣಿಯ ಕನ್ನಡಕ ಜಾರಿತು, ಲಿಪ್ಸಾಳ ಚಿತ್ರದಲ್ಲಿ ಸೀಮೆಎಣ್ಣೆಯ ಕತೆ ಹಾಗೇ ಉಳಿದಿತ್ತು, ಜನ ನಕ್ಕರು. ಲಲಾಟೇಂದು ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕದ ಕುರ್ಚಿ ಹಿಡಿದಿದ್ದ. ಕುಂತಳಾ ಮುಂದಿನ ಸಾಲಿನಲ್ಲಿ ಎರಡು ಕುರ್ಚಿಗೆ ಆಗುವಷ್ಟು ಕೂತಿದ್ದರು, ಪಕ್ಕದಲ್ಲಿ ಇತಿಶ್ರೀ. ಲಿಪ್ಸಾ ವೇದಿಕೆಯ ಮೆಟ್ಟಿಲ ಮೇಲೆ ಫೋನು ಹಿಡಿದಿದ್ದಳು.

ಕುಳಮಣಿ ಹಾರ್ಮೋನಿಯಂನ ಮೊದಲ ಬಿಳಿ ಮನೆ ಒತ್ತಿದರು. ಮೊದಲ ಸಾಲಿಗೆ ಸಭೆಯಲ್ಲಿ ಗುಸುಗುಸು ಆಯಿತು. ದನಿ ಜನ ಬಲ್ಲ ದನಿಗಿಂತ ಕೆಳಗಿತ್ತು, ದಪ್ಪಗಿತ್ತು, ಅಂಚಿನಲ್ಲಿ ಒರಟಾಗಿತ್ತು. ಹಿಂದಿನಿಂದ ಯಾರೋ "ಇದು ಅದೇ ಹಾಡಾ?" ಅಂದದ್ದು ಲಲಾಟೇಂದುವಿಗೆ ಕೇಳಿಸಿತು. ಅವನು ಎದ್ದು ನಿಂತ, ಹೊರಗೆ ಹೋಗಲಿಲ್ಲ. ಹಾಡು ಕಟ್ಟೆಯ ಮೇಲೆ ಉಳಿದ ಕೊಡದ ಹತ್ತಿರ ಬಂತು, ಅಲ್ಲಿಂದ ಮೇಲೇರಿತು. ಕುಳಮಣಿ ಎಲ್ಲಿ ಉಸಿರು ಎಳೆದುಕೊಂಡರು ಅಂತ ಎಲ್ಲರಿಗೂ ಕೇಳಿಸಿತು. ಅವರು ಪಂಚಮವನ್ನು ಹಿಡಿದರು, ಸ್ವಲ್ಪ ಹೊತ್ತು ಅಲ್ಲೇ ನಿಂತರು, ಇಳಿದರು. ಹರಿಯಲಿಲ್ಲ.

ಚಪ್ಪಾಳೆ ಬಂತು. ರೆಕಾರ್ಡು ಹಾಕಿದ್ದರೆ ಬರುತ್ತಿದ್ದಷ್ಟು ಅಲ್ಲ. ಸಿಳ್ಳೆ ಬರಲಿಲ್ಲ.

ಅವರು ಪೆಟ್ಟಿಗೆ ಮುಚ್ಚಿ, ಶಾಲು ಸರಿಮಾಡಿಕೊಳ್ಳುತ್ತಾ ಮೆಟ್ಟಿಲಿಳಿದು ಬಂದರು. ಮೊದಲು ಲಿಪ್ಸಾಳ ಮುಂದೆ ನಿಂತರು.

"ಎಷ್ಟು?"

"ಚೆನ್ನಾಗಿತ್ತು ಜೇಜೆ."

"ಅದು ಕೇಳಿದ್ನಾ? ಎಷ್ಟು ಬಂತು ಹೇಳು."

ಲಿಪ್ಸಾ ಫೋನನ್ನು ಅವರ ಕಡೆ ತಿರುಗಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು. ಬೇಕಾದದ್ದು ಮುನ್ನೂರ ತೊಂಬತ್ತೆರಡು. ಫೋನು ತೋರಿಸಿದ್ದು ಮುನ್ನೂರ ಎಂಬತ್ತೆಂಟು, ಕೂದಲೆಳೆಯಷ್ಟು ಕೆಳಗೆ.